ಮಗಳ ಗೆಳತಿಯ ಚರ್ಚಿನ ತಂಡ ಮನೆ ರಿಪೇರಿ ಸೇವೆಗೆ ಪೂರ್ವ ಕೆಂಟಕಿಗೆ ಹೊರಟಿದೆ, ಕಳುಹಿಸಬಹುದೇ?

ತುಂಗಾತೀರ ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗ ಕಡೆಯವರು. ಬಹಳ ವರ್ಷಗಳಿಂದ ಓಹಾಯೋದ ಕೊಲಂಬಸ್ ಬಳಿ ನೆಲೆಸಿದ್ದೇವೆ. ಮಗಳಿಗೆ ಈಗ ಹದಿನೈದು ವರ್ಷ. ಅವಳ ಆಪ್ತ ಗೆಳತಿಯ ಮನೆಯವರು ಹೋಗುವ ಮೆಥೊಡಿಸ್ಟ್ ಚರ್ಚಿನ ಯುವಜನರ ತಂಡವು ಪ್ರತಿ ಬೇಸಿಗೆ ರಜೆಯಲ್ಲಿ ಒಂದು ವಾರ ಪೂರ್ವ ಕೆಂಟಕಿಯ ಗುಡ್ಡಗಾಡಿನ ಊರುಗಳಿಗೆ ಹೋಗಿ, ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಸಿಕೊಳ್ಳಲಾಗದ ಕುಟುಂಬಗಳ ಮನೆಗಳನ್ನು ಸರಿಪಡಿಸಿಕೊಟ್ಟು ಬರುತ್ತದೆ. ಈ ಸಲ ಗೆಳತಿಯು ನಮ್ಮ ಮಗಳನ್ನೂ ಕರೆದಿದ್ದಾಳೆ. ಮಗಳಿಗೆ ಬಹಳ ಆಸೆ ಇದೆ. ಪ್ರತಿಯೊಬ್ಬರೂ ಕಟ್ಟಬೇಕಾದ ಶುಲ್ಕವೂ ಇದೆ. ಅದು ನಮಗೆ ಹೊರೆಯಲ್ಲ, ಆದರೆ ಚಿಕ್ಕ ಮೊತ್ತವೂ ಅಲ್ಲ.

ನನ್ನ ಅನುಮಾನಗಳು ಬೇರೆ ಬೇರೆ ಬಗೆಯವು. ಸುತ್ತಿಗೆಯನ್ನು ಸರಿಯಾಗಿ ಹಿಡಿದು ಗೊತ್ತಿಲ್ಲದ ಮಕ್ಕಳು ಐದು ದಿನಗಳಲ್ಲಿ ಬೇರೊಬ್ಬರ ಮನೆಯ ನೆಲವನ್ನೋ ಛಾವಣಿಯನ್ನೋ ಮುಟ್ಟಿದರೆ ಆ ಕೆಲಸ ಬಾಳಿಕೆ ಬರುತ್ತದೆಯೇ? ಮಕ್ಕಳು ಊರಿಗೆ ಮರಳಿದ ಮೇಲೆ ಆ ಮನೆಯಲ್ಲಿ ಮಳೆಗಾಲವನ್ನೂ ಚಳಿಗಾಲವನ್ನೂ ಕಳೆಯಬೇಕಾದವರು ಮನೆಯವರೇ ಅಲ್ಲವೇ? ಅಷ್ಟು ಹಣವನ್ನು ಅಲ್ಲಿಯ ಬಡಗಿಗಳಿಗೇ ಕೊಟ್ಟರೆ ಕೆಲಸವೂ ಚೆನ್ನಾಗಿ ಆಗುತ್ತದೆ, ಅವರಿಗೆ ಸಂಪಾದನೆಯೂ ಆಗುತ್ತದೆ ಎಂದು ನನ್ನ ಯಜಮಾನರ ಅಭಿಪ್ರಾಯ. ನಾವು ಕ್ರೈಸ್ತರಲ್ಲ. ಮಗಳು ಪ್ರಾರ್ಥನೆಯಲ್ಲಿ ಕುಳಿತುಕೊಳ್ಳುವುದಕ್ಕೆ ನನ್ನ ಅಭ್ಯಂತರವೇನೂ ಇಲ್ಲ. ಆದರೆ ಮನೆ ರಿಪೇರಿ ಮಾಡಿಸಿಕೊಳ್ಳುವವರ ಮೇಲೆ ಧರ್ಮದ ಒತ್ತಡ ಹಾಕುವ ಕೆಲಸದಲ್ಲಿ ಅವಳು ಭಾಗಿಯಾಗಬಾರದು. ಇದರ ಜೊತೆಗೆ ಏಣಿ, ಗರಗಸ, ಹಳೆಯ ಮನೆಗಳ ಧೂಳು ಇವುಗಳ ಭಯ ಇದ್ದೇ ಇದೆ.

ಇಂತಹ ತಂಡಗಳ ಜೊತೆ ಹೋಗಿ ಬಂದವರು ಅಥವಾ ಮಕ್ಕಳನ್ನು ಕಳುಹಿಸಿದವರು ಯಾರಾದರೂ ಇಲ್ಲಿದ್ದರೆ, ಹೊಗಳಿಕೆಯನ್ನಷ್ಟೇ ಅಲ್ಲದೆ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.

ಲೆಕ್ಸಿಂಗ್ಟನ್ ನಿವಾಸಿ ಅವರ ಉತ್ತರ:

ನಮಸ್ಕಾರ. ನಾನು ಕೆಂಟಕಿಯಲ್ಲೇ ಇರುವವನು. ಪಕ್ಕದ ಮನೆಯವರ ಚರ್ಚಿನ ತಂಡದ ಜೊತೆ ಹಿರಿಯ ಸ್ವಯಂಸೇವಕನಾಗಿ ಹಲವು ಬೇಸಿಗೆಗಳಲ್ಲಿ ಹೋಗಿ ಬಂದಿದ್ದೇನೆ. ಕಳುಹಿಸಿ ಎನ್ನುವುದೇ ನನ್ನ ಸಲಹೆ, ಆದರೆ ತಂಡ ಯಾವ ಸಂಸ್ಥೆಯ ಮೂಲಕ ಹೋಗುತ್ತಿದೆ ಎಂಬುದನ್ನು ಮೊದಲು ಕೇಳಿಕೊಳ್ಳಿ. ಎಲ್ಲವೂ ಆ ಒಂದು ಉತ್ತರದ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ.

ಈ ಪದ್ಧತಿಗೆ ಅರ್ಧ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಟೆಕ್ಸ್ ಇವಾನ್ಸ್ ಎಂದೇ ಎಲ್ಲರಿಗೂ ಪರಿಚಿತರಾಗಿದ್ದ ಮೆಥೊಡಿಸ್ಟ್ ಪಾದ್ರಿ ಗ್ಲೆನ್ ಇವಾನ್ಸ್ ಅವರು 1969ರ ಬೇಸಿಗೆಯಲ್ಲಿ 50 ಮಂದಿ ಸ್ವಯಂಸೇವಕರನ್ನು ಬಾರ್ಬರ್‌ವಿಲ್ ಎಂಬ ಊರಿಗೆ ಕರೆತಂದು 4 ಮನೆಗಳನ್ನು ರಿಪೇರಿ ಮಾಡಿಸಿದರು. ಅಲ್ಲಿಂದ ಬೆಳೆದದ್ದೇ ಅಪಲೇಚಿಯಾ ಸರ್ವಿಸ್ ಪ್ರಾಜೆಕ್ಟ್ (ಅಪಲೇಚಿಯಾ ಎಂದರೆ ಪೂರ್ವ ಕೆಂಟಕಿಯೂ ಸೇರಿದ ಈ ಗುಡ್ಡಗಾಡು ಪ್ರದೇಶ). ಇಂದು ಅದರ ಮುಖ್ಯ ಕಚೇರಿ ಟೆನೆಸಿಯ ಜಾನ್ಸನ್ ಸಿಟಿಯಲ್ಲಿದೆ, ಪ್ರತಿ ಬೇಸಿಗೆಯಲ್ಲೂ ಸಾವಿರಾರು ಹದಿಹರೆಯದವರು ಅದರ ಮೂಲಕ ಕೆಂಟಕಿ, ಟೆನೆಸಿ, ವರ್ಜೀನಿಯಾ, ವೆಸ್ಟ್ ವರ್ಜೀನಿಯಾಗಳಿಗೆ ಬರುತ್ತಾರೆ. ಮನೆ ಬೆಚ್ಚಗಿರಬೇಕು, ಅಪಾಯವಿಲ್ಲದಂತಿರಬೇಕು, ಸೋರದಂತಿರಬೇಕು ಎಂಬುದು ಅವರ ಗುರಿ. ಮನೆಯನ್ನು ಚೆಂದಗಾಣಿಸುವುದು ಅವರ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ಇದಕ್ಕೂ ಮೊದಲು, 1964ರಲ್ಲಿ, ಕ್ಯಾಥೊಲಿಕ್ ಧರ್ಮಗುರು ರಾಲ್ಫ್ ಬೈಟಿಂಗ್ ಅವರು ಇದೇ ಪ್ರದೇಶದಲ್ಲಿ ಕ್ರಿಶ್ಚಿಯನ್ ಅಪಲೇಚಿಯನ್ ಪ್ರಾಜೆಕ್ಟ್ ಆರಂಭಿಸಿದ್ದರು. ಅದೂ ಮನೆ ರಿಪೇರಿಯ ಕೆಲಸ ಮಾಡುತ್ತದೆ.

ಆ ಮನೆಗಳು ಅಂತಹ ಸ್ಥಿತಿಗೆ ಏಕೆ ಬಂದಿವೆ ಎಂಬುದನ್ನು ಮಗಳು ಹೋಗುವ ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಇಲ್ಲಿಯ ಜನ ಸೋಮಾರಿಗಳು ಎಂಬ ಹಳೆಯ ಅಪವಾದವನ್ನೇ ಅವಳೂ ನಂಬಿ ಹಿಂದಿರುಗಬಹುದು, ಅದು ಬಹಳ ದೊಡ್ಡ ಅನ್ಯಾಯ. ಈ ಗುಡ್ಡಗಳ ಕಲ್ಲಿದ್ದಲು ಅಮೆರಿಕದ ಉಕ್ಕಿನ ಕಾರ್ಖಾನೆಗಳನ್ನೂ ವಿದ್ಯುತ್ ಸ್ಥಾವರಗಳನ್ನೂ ಒಂದು ಶತಮಾನ ನಡೆಸಿತು. ಆದರೆ ಖನಿಜದ ಹಕ್ಕನ್ನು ಹೊರಗಿನ ಕಂಪನಿಗಳು ಮೊದಲೇ ಅಗ್ಗದ ಬೆಲೆಗೆ ಬರೆಸಿಕೊಂಡಿದ್ದುದರಿಂದ ಲಾಭ ಊರಿನಲ್ಲಿ ಉಳಿಯಲಿಲ್ಲ. ಆ ಹಕ್ಕುಪತ್ರಗಳ ಬಲದಿಂದ ಮೇಲ್ಮೈ ಜಮೀನಿನ ಒಡೆಯನ ಒಪ್ಪಿಗೆ ಇಲ್ಲದೆಯೇ ನೆಲ ಬಗೆಯುವುದನ್ನು ತಡೆಯಲು ಕೆಂಟಕಿಯ ಮತದಾರರು 1988ರಲ್ಲಿ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತರಬೇಕಾಯಿತು. 1964ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಬಡತನದ ವಿರುದ್ಧದ ಹೋರಾಟಕ್ಕೆ ದೇಶದ ಬೆಂಬಲ ಕೇಳಿಕೊಂಡು ಬಂದು ಕುಳಿತದ್ದು ಇಲ್ಲಿಯ ಇನೆಜ್ ಎಂಬ ಊರಿನ ಒಂದು ಮನೆಯ ಜಗಲಿಯಲ್ಲಿ. ಆಮೇಲೆ ರಸ್ತೆಗಳು ಬಂದವು, ಆಸ್ಪತ್ರೆಗಳು ಬಂದವು. ಗಣಿಯ ಕೆಲಸ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಹೋಯಿತು. ಮನೆಯಲ್ಲಿ ಉಳಿದವರಲ್ಲಿ ಅನೇಕರು ವಯಸ್ಸಾದವರು, ಗಣಿಯ ಧೂಳಿನಿಂದ ಶ್ವಾಸಕೋಶ ಕೆಟ್ಟವರು. ಅದರ ಮೇಲೆ 2022ರ ಜುಲೈ ಕೊನೆಯಲ್ಲಿ ಬ್ರೆತಿಟ್, ನಾಟ್, ಲೆಚರ್, ಪೆರಿ ಕೌಂಟಿಗಳಲ್ಲಿ ಬಂದ ಪ್ರವಾಹ 40ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು; ಕಣಿವೆಯ ತಳದಲ್ಲಿ, ಹಳ್ಳದ ಪಕ್ಕದಲ್ಲಿ ಇದ್ದ ಸಮತಟ್ಟಾದ ಜಾಗದಲ್ಲೇ ಮನೆಗಳೂ ಇದ್ದುದರಿಂದ ನೀರು ಯಾವುದನ್ನೂ ಬಿಡಲಿಲ್ಲ.

ಈಗ ಕೆಲಸದ ವಿಷಯ. ಮಕ್ಕಳನ್ನು ಸಣ್ಣ ಗುಂಪುಗಳಾಗಿ ಮಾಡುತ್ತಾರೆ. ಸಾಮಾನ್ಯವಾಗಿ ಐದು ಮಂದಿ ಮಕ್ಕಳಿಗೆ ಇಬ್ಬರು ಹಿರಿಯರು ಇರುತ್ತಾರೆ. ಒಂದು ಗುಂಪಿಗೆ ವಾರವಿಡೀ ಒಂದೇ ಮನೆ. ಮಲಗುವುದು ಹೆಚ್ಚಾಗಿ ಬೇಸಿಗೆಯಲ್ಲಿ ಖಾಲಿ ಇರುವ ಶಾಲಾ ಕಟ್ಟಡದಲ್ಲಿ. ಯಾವ ಮನೆಗೆ ಏನು ಬೇಕು ಎಂಬುದನ್ನು ಸಂಸ್ಥೆಯ ಸಿಬ್ಬಂದಿ ಮೊದಲೇ ಹೋಗಿ ನೋಡಿ, ಅಳತೆ ತೆಗೆದು, ಮರಮುಟ್ಟು ತರಿಸಿರುತ್ತಾರೆ. ಶನಿವಾರ ಒಂದು ತಂಡ ಹೋದರೆ ಭಾನುವಾರ ಇನ್ನೊಂದು ತಂಡ ಬರುತ್ತದೆ. ಹಿಂದಿನವರು ಬಿಟ್ಟ ಜಾಗದಿಂದ ಇವರು ಮುಂದುವರಿಸುತ್ತಾರೆ. ಹೀಗಾಗಿ ನಿಮ್ಮ ಮಗಳು ಒಂದು ಮನೆಯನ್ನು ಪೂರ್ತಿ ಮುಗಿಸಿಯೇ ಬರುತ್ತಾಳೆ ಎಂದು ಭಾವಿಸಬೇಡಿ. ಬೇಸಿಗೆ ಮುಗಿಯುವ ಹೊತ್ತಿಗೆ ಆ ಮನೆ ಮುಗಿದಿರುತ್ತದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಒಂದು ಮನೆಯ ಬಚ್ಚಲಿನ ಕೆಲಸವನ್ನು ವಿವರಿಸಿದರೆ ನಿಮಗೆ ಚಿತ್ರ ಸಿಗುತ್ತದೆ. ಅದು ಕಾರ್ಖಾನೆಯಲ್ಲಿ ತಯಾರಾಗಿ ಗಾಲಿಯ ಮೇಲೆ ಬಂದ ಹಳೆಯ ಟ್ರೇಲರ್ ಮನೆ. ಅಂತಹ ಮನೆಗಳ ನೆಲಕ್ಕೆ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಹಾಕಿರುತ್ತಾರೆ. ನೀರು ಬಿದ್ದರೆ ಅದು ಉಬ್ಬಿ ಬಿಡುತ್ತದೆ. ಕಮೋಡಿನ ಬುಡದಲ್ಲಿ ವರ್ಷಗಟ್ಟಲೆ ನೀರು ಒಸರಿ, ಸುತ್ತಲಿನ ಹಲಗೆ ನೆನೆದ ಅವಲಕ್ಕಿಯಂತೆ ಬೆರಳಿಗೇ ಬಿಡಿಬಿಡಿಯಾಗಿ ಬರುತ್ತಿತ್ತು. ಮನೆಯಲ್ಲಿದ್ದ ವೃದ್ಧೆ ಆ ಜಾಗಕ್ಕೆ ಅಡ್ಡಲಾಗಿ ಒಂದು ಪ್ಲೈವುಡ್ ತುಂಡು ಹಾಸಿಕೊಂಡು, ಗೋಡೆ ಹಿಡಿದು ಓಡಾಡುತ್ತಿದ್ದರು. ಹಾಳಾದದ್ದರ ಮೇಲೆಯೇ ಹೊಸ ಹಲಗೆ ಹೊಡೆದು ಮೇಲೊಂದು ಹಾಸು ಅಂಟಿಸಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಸಿಬ್ಬಂದಿ ಅದಕ್ಕೆ ಒಪ್ಪಲಿಲ್ಲ. ಕಮೋಡು ಕಳಚಿ, ಗಟ್ಟಿ ಮರ ಸಿಗುವವರೆಗೂ ನೆಲ ಕತ್ತರಿಸಿ ತೆಗೆಯಿಸಿದರು. ಕೆಳಗಿನ ಒಂದು ಜಂತಿಯ ತುದಿಯೂ ಕೊಳೆತಿತ್ತು. ಅದರ ಪಕ್ಕಕ್ಕೆ ಹೊಸ ಜಂತಿಯೊಂದನ್ನು ಜೋಡಿಸಿ ಬೋಲ್ಟು ಬಿಗಿದು, ನಡುನಡುವೆ ಅಡ್ಡಮರ ಕೊಟ್ಟು, ಮುಕ್ಕಾಲು ಇಂಚಿನ ಪ್ಲೈವುಡ್ಡನ್ನು ಅಂಟು ಮತ್ತು ಸ್ಕ್ರೂಗಳಿಂದ ಕೂರಿಸಿ, ಕಮೋಡಿಗೆ ಹೊಸ ಮೇಣದ ಉಂಗುರ ಹಾಕಿ ಮತ್ತೆ ಕೂರಿಸಿದೆವು. ಪ್ರತಿ ಹಂತದಲ್ಲೂ ರಸಮಟ್ಟ ಇಟ್ಟು ನೋಡುತ್ತಿದ್ದವರು, ಅಳತೆ ಹೇಳಿ ಗುರುತು ಹಾಕುತ್ತಿದ್ದವರು ಮಕ್ಕಳೇ. ವಿದ್ಯುತ್ ಗರಗಸ ಹಿಡಿದವರು ಹಿರಿಯರು. ಒಬ್ಬ ಒಳ್ಳೆಯ ಬಡಗಿ ಇದನ್ನು ಎರಡು ದಿನಗಳಲ್ಲಿ ಮಾಡುತ್ತಿದ್ದ ಎಂಬುದು ನಿಜ. ನಮಗೆ ವಾರವೇ ಹಿಡಿಯಿತು, ಆದರೆ ಕೆಲಸ ಸರಿಯಾಗಿತ್ತು.

ನ್ಯೂಜೆರ್ಸಿ ಓದುಗ ಅವರ ಉತ್ತರ:

ಮೇಲಿನವರ ಅನುಭವವನ್ನು ಗೌರವಿಸುತ್ತಲೇ, ತುಂಗಾತೀರ ಅವರ ಯಜಮಾನರ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಬದಿಗಿಡಬಾರದು ಎಂದು ಹೇಳಬಯಸುತ್ತೇನೆ. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಮನೆ ಕಟ್ಟಲು ಉತ್ತರ ಅಮೆರಿಕದ ಚರ್ಚುಗಳಿಂದ ತಂಡ ತಂಡವಾಗಿ ಸ್ವಯಂಸೇವಕರು ಹೋದರು. ಮಿಶಿಗನ್ನಿನ ಕ್ಯಾಲ್ವಿನ್ ಕಾಲೇಜಿನ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಅವರು ಅದನ್ನು ಅಧ್ಯಯನ ಮಾಡಿದಾಗ ಕಂಡದ್ದೇನೆಂದರೆ, ಪ್ರಯಾಣದ ಖರ್ಚನ್ನೂ ಸೇರಿಸಿದರೆ ಹೊರಗಿನ ತಂಡ ಕಟ್ಟಿದ ಒಂದು ಮನೆಗೆ ಸುಮಾರು 30,000 ಡಾಲರ್ ತಗುಲಿತ್ತು. ಅಲ್ಲಿಯ ಸಂಸ್ಥೆಗಳೇ ಕಟ್ಟಿಸಿದ ಮನೆಗೆ ತಗುಲಿದ್ದು ಸುಮಾರು 2,000 ಡಾಲರ್. ವೆರ್ ಬೀಕ್ ಅವರು ಸ್ವತಃ ಕ್ರೈಸ್ತ ಸೇವಾಕಾರ್ಯದಲ್ಲಿ ತೊಡಗಿದವರು, ವಿರೋಧಕ್ಕಾಗಿ ವಿರೋಧಿಸಿದವರಲ್ಲ.

ಕೊಲಂಬಸ್‌ನಿಂದ ಪೂರ್ವ ಕೆಂಟಕಿಗೆ ವ್ಯಾನಿನಲ್ಲಿ ಹೋಗುವುದಕ್ಕೂ ವಿಮಾನದಲ್ಲಿ ಹೊಂಡುರಾಸ್‌ಗೆ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ ಎಂದು ಒಪ್ಪುತ್ತೇನೆ. ಆದರೂ ಮಕ್ಕಳು ಕಟ್ಟುವ ಶುಲ್ಕದಲ್ಲಿ ಮರಮುಟ್ಟಿಗೆ ಎಷ್ಟು ಹೋಗುತ್ತದೆ, ಊಟ ವಸತಿಗೆ ಎಷ್ಟು, ಮರಳುವಾಗಿನ ಮನರಂಜನೆಗೆ ಎಷ್ಟು ಎಂದು ಕೇಳುವ ಹಕ್ಕು ಪಾಲಕರಿಗಿದೆ. ಈ ಕುಟುಂಬಗಳಿಗೆ ಬೇರೆ ದಾರಿಯೇ ಇಲ್ಲ ಎಂದೂ ಅಲ್ಲ. ಅಮೆರಿಕದ ಕೃಷಿ ಇಲಾಖೆಯು ಗ್ರಾಮೀಣ ಪ್ರದೇಶದ ಅತಿ ಕಡಿಮೆ ಆದಾಯದ ಮನೆ ಒಡೆಯರಿಗೆ ರಿಪೇರಿ ಸಾಲ ಕೊಡುತ್ತದೆ. 62 ವರ್ಷ ತುಂಬಿದವರಿಗೆ, ಸಾಲ ತೀರಿಸಲಾಗದಿದ್ದರೆ, 10,000 ಡಾಲರ್‌ವರೆಗೆ ಸಹಾಯಧನವೂ ಉಂಟು. ಮನೆಗೆ ಚಳಿ ನುಗ್ಗದಂತೆ ಮಾಡಿಕೊಡುವ ಒಕ್ಕೂಟ ಸರ್ಕಾರದ ಯೋಜನೆ 1976ರಿಂದ ಇದೆ. ಇಂತಹ ಅರ್ಜಿಗಳನ್ನು ತುಂಬಿಸಿಕೊಟ್ಟು ಬೆನ್ನು ಹತ್ತುವ ಸ್ಥಳೀಯ ವಸತಿ ಸಂಸ್ಥೆಗಳಿಗೆ ಹಣ ಕೊಟ್ಟರೆ ಅದು ಹೆಚ್ಚು ದೂರ ಹೋಗುತ್ತದೆ ಎಂಬುದು ನನ್ನ ಅನಿಸಿಕೆ.

ಇನ್ನೊಂದು ಮಾತು. ಮಕ್ಕಳು ಆ ಮನೆಯ ಒಳಗಿನ ಚಿತ್ರಗಳನ್ನು ತೆಗೆದು ಊರೆಲ್ಲ ನೋಡುವಂತೆ ಹಾಕುವುದನ್ನು ನಾನು ಕಂಡಿದ್ದೇನೆ. ನಮ್ಮ ಮನೆಯ ಬಚ್ಚಲನ್ನು ಯಾರೋ ಹಾಗೆ ತೋರಿಸಿದರೆ ನಾವು ಸಹಿಸುತ್ತೇವೆಯೇ? ತಂಡಕ್ಕೆ ಈ ಬಗ್ಗೆ ಸ್ಪಷ್ಟವಾದ ನಿಯಮ ಇಲ್ಲದಿದ್ದರೆ ನಾನು ನನ್ನ ಮಗನನ್ನು ಕಳುಹಿಸುವುದಿಲ್ಲ.

ರಾಲಿ ಸಿವಿಲ್ ಅವರ ಉತ್ತರ:

ನಾನು ಸಿವಿಲ್ ಎಂಜಿನಿಯರ್. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತವು ನಮ್ಮ ನಾರ್ತ್ ಕೆರೊಲಿನಾದ ಪಶ್ಚಿಮ ಭಾಗದ ಗುಡ್ಡಗಳನ್ನು ಧ್ವಂಸ ಮಾಡಿದ ಮೇಲೆ, ಹಲವು ಚರ್ಚುಗಳ ತಂಡಗಳು ರಿಪೇರಿ ಮಾಡಿದ ಮನೆಗಳನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಬಹಳ ಒಳ್ಳೆಯ ಕೆಲಸವನ್ನೂ ಕಂಡೆ, ಕಿತ್ತು ಮತ್ತೆ ಮಾಡಿಸಬೇಕಾದ ಕೆಲಸವನ್ನೂ ಕಂಡೆ. ಎರಡರ ನಡುವಿನ ವ್ಯತ್ಯಾಸ ಮಕ್ಕಳ ಕೌಶಲದ್ದಾಗಿರಲಿಲ್ಲ. ಒಳ್ಳೆಯ ಕೆಲಸ ಆಗಿದ್ದ ಕಡೆ, ತಪ್ಪಾದರೆ ನಿಲ್ಲಿಸಿ ಮತ್ತೆ ಮಾಡಿಸುವ ಅಧಿಕಾರವಿದ್ದ ಒಬ್ಬ ತಿಳಿದವರು ಪ್ರತಿದಿನ ಆ ಮನೆಗೆ ಬರುತ್ತಿದ್ದರು; ಕೆಟ್ಟ ಕೆಲಸ ಆಗಿದ್ದ ಕಡೆ ಅಂಥವರು ಯಾರೂ ಇರಲಿಲ್ಲ.

ಕೌಶಲವಿಲ್ಲದ ಕೈಗಳಿಗೆ ಅತ್ಯಂತ ಹೊಂದುವ ಕೆಲಸವೆಂದರೆ ಗಾಲಿಕುರ್ಚಿಗೆ ಮರದ ಇಳಿಜಾರು ಕಟ್ಟುವುದು ಎಂದು ನನ್ನ ಅಭಿಪ್ರಾಯ. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಎಂಬುದು ಅದರ ಲೆಕ್ಕ. ಸಾರ್ವಜನಿಕ ಕಟ್ಟಡಗಳಿಗೆ ಕಡ್ಡಾಯವಾದ ಈ ಅಳತೆಯನ್ನು ಒಳ್ಳೆಯ ಸಂಸ್ಥೆಗಳು ಖಾಸಗಿ ಮನೆಗಳಿಗೂ ಪಾಲಿಸುತ್ತವೆ. ಬಾಗಿಲು ನೆಲದಿಂದ 30 ಇಂಚು ಎತ್ತರದಲ್ಲಿದ್ದರೆ ಇಳಿಜಾರು 30 ಅಡಿ ಉದ್ದ ಬೇಕು. ಅಷ್ಟು ಜಾಗ ಅಂಗಳದಲ್ಲಿ ಇಲ್ಲದಿದ್ದರೆ ನಡುವೆ ಐದು ಅಡಿಯ ಸಮತಟ್ಟು ಕೊಟ್ಟು ತಿರುಗಿಸಬೇಕು. ಕಂಬದ ಗುಂಡಿಯನ್ನು ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಆಳಕ್ಕಿಂತಲೂ ಕೆಳಗೆ ತೋಡಬೇಕು, ಇಲ್ಲದಿದ್ದರೆ ಒಂದೆರಡು ವರ್ಷಗಳಲ್ಲಿ ಕಂಬ ಮೇಲೆದ್ದು ಇಳಿಜಾರು ತಿರುಚಿಕೊಳ್ಳುತ್ತದೆ. ಗುಂಡಿ ತೋಡುವುದು, ಕಾಂಕ್ರೀಟು ಕಲಸುವುದು, ಹಲಗೆ ಜೋಡಿಸಿ ಸ್ಕ್ರೂ ಬಿಗಿಯುವುದು, ಕೈಹಿಡಿಯ ಚೂಪು ಅಂಚುಗಳನ್ನು ಉಜ್ಜುವುದು ಇವೆಲ್ಲ ಹದಿನೈದು ವರ್ಷದವರು ಚೆನ್ನಾಗಿ ಮಾಡಬಲ್ಲ ಕೆಲಸಗಳು. ಐದು ಮಂದಿ ಮಕ್ಕಳು ಇಂತಹದನ್ನು ಒಂದು ವಾರದಲ್ಲಿ ಮುಗಿಸಬಲ್ಲರು. ತಿಂಗಳುಗಟ್ಟಲೆ ಮನೆಯೊಳಗೇ ಇದ್ದವರೊಬ್ಬರು ಯಾರ ಸಹಾಯವೂ ಇಲ್ಲದೆ ಅಂಗಳಕ್ಕೆ ಬರುವಂತಾಗುತ್ತದೆ.

ಛಾವಣಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಸಂಬಳದ ಕೆಲಸವಾದರೆ ಹದಿನೆಂಟು ವರ್ಷದೊಳಗಿನವರನ್ನು ಛಾವಣಿಯ ಮೇಲೆ ಹತ್ತಿಸುವುದನ್ನೂ ವಿದ್ಯುತ್ ವೃತ್ತಗರಗಸ ಹಿಡಿಸುವುದನ್ನೂ ಇಲ್ಲಿಯ ಒಕ್ಕೂಟ ಕಾರ್ಮಿಕ ಕಾನೂನು ನಿಷೇಧಿಸಿದೆ. ಸ್ವಯಂಸೇವಕರ ವಿಷಯದಲ್ಲಿ ಪ್ರತಿ ಸಂಸ್ಥೆಯೂ ತನ್ನದೇ ನಿಯಮ ಮಾಡಿಕೊಂಡಿದೆ. 1976ರಲ್ಲಿ ಆರಂಭವಾದ, ಮನೆ ಕಟ್ಟಿಕೊಡುವ ಸಂಸ್ಥೆಯಾದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿಯವರು ಕಟ್ಟಡ ಕೆಲಸ ನಡೆಯುತ್ತಿರುವ ಜಾಗಕ್ಕೆ ಹದಿನಾರು ತುಂಬದವರನ್ನು ಬಿಡುವುದೇ ಇಲ್ಲ. ಹದಿನಾರು ಹದಿನೇಳರವರಿಗೂ ಛಾವಣಿ ಮತ್ತು ವಿದ್ಯುತ್ ಉಪಕರಣಗಳನ್ನು ಕೊಡುವುದಿಲ್ಲ. ನಿಮ್ಮ ಮಗಳ ತಂಡದ ನಿಯಮವನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಮನೆ ಕಟ್ಟಿದ ವರ್ಷವನ್ನೂ ಕೇಳಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಸೇರಿಸುವುದನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯ ಬಣ್ಣವನ್ನು ಒಣಗಿದ್ದಾಗಲೇ ಕೆರೆದರೆ ಸೀಸದ ಧೂಳು ಏಳುತ್ತದೆ, ಅದು ಮಕ್ಕಳ ಮಿದುಳಿಗೆ ಹಾನಿಕರ. ಹಣ ಪಡೆದು ಅಂತಹ ಮನೆಗಳಲ್ಲಿ ಕೆಲಸ ಮಾಡುವ ಗುತ್ತಿಗೆದಾರರು 2010ರಿಂದ ಇದಕ್ಕಾಗಿ ತರಬೇತಿಯ ಪ್ರಮಾಣಪತ್ರ ಪಡೆದಿರಬೇಕು. ಅದೇ ಎಚ್ಚರಿಕೆಯನ್ನು ಸ್ವಯಂಸೇವಕರ ತಂಡವೂ ಪಾಲಿಸದಿರಲು ಯಾವ ಕಾರಣವೂ ಇಲ್ಲ. ಹಳೆಯ ನೆಲಹಾಸಿನ ಬಿಲ್ಲೆಗಳಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಆಸ್ಬೆಸ್ಟಾಸ್ ನಾರು ಇರಬಹುದು; ಪರೀಕ್ಷೆ ಮಾಡಿಸದೆ ಅವನ್ನು ಒಡೆಯಬಾರದು.

ನ್ಯೂಜೆರ್ಸಿಯವರು ಹೇಳಿದ ಸರ್ಕಾರಿ ಯೋಜನೆಗಳು ಒಳ್ಳೆಯವೇ. ಆದರೆ ರಿಪೇರಿ ಸಾಲಕ್ಕೂ ಸಹಾಯಧನಕ್ಕೂ ಮನೆ ಅರ್ಜಿದಾರರ ಹೆಸರಿನಲ್ಲೇ ಇರಬೇಕು. ಅಪಲೇಚಿಯಾದಲ್ಲಿ ಅಜ್ಜನ ಹೆಸರಿನ ಜಾಗ ಉಯಿಲಿಲ್ಲದೆ ಹತ್ತಾರು ವಾರಸುದಾರರಲ್ಲಿ ಹಂಚಿಹೋಗಿರುವುದು ಸಾಮಾನ್ಯ. ಅಲ್ಲಿ ವಾಸವಿರುವವರ ಕೈಯಲ್ಲಿ ತೋರಿಸಲು ಕಾಗದವಿರುವುದಿಲ್ಲ. ಇನ್ನು ಗುತ್ತಿಗೆದಾರರು, ಗುಡ್ಡದ ಒಳಗಿನ ಒಂದು ಬಚ್ಚಲಿನ ನೆಲಕ್ಕಾಗಿ ಗಂಟೆಗಟ್ಟಲೆ ಗಾಡಿ ಓಡಿಸಿಕೊಂಡು ಬರುವವರು ಕಡಿಮೆ. ಹೀಗೆ ಎಲ್ಲ ಜರಡಿಗಳಿಂದಲೂ ಕೆಳಗೆ ಬಿದ್ದವರೇ ಕೊನೆಗೆ ಇಂತಹ ತಂಡಗಳ ಪಟ್ಟಿಯಲ್ಲಿ ಇರುತ್ತಾರೆ. ಆದ್ದರಿಂದ ಅದೇ ಹಣಕ್ಕೆ ಅಲ್ಲಿಯ ಬಡಗಿಯೇ ಈ ಕೆಲಸ ಮಾಡುತ್ತಿದ್ದ ಎಂಬ ಹೋಲಿಕೆ ಹೊಂಡುರಾಸ್‌ಗೆ ಹೊಂದಿದಷ್ಟು ಇಲ್ಲಿಗೆ ಹೊಂದುವುದಿಲ್ಲ.

ಉಡುಪಿ ಮೂಲದವಳು ಅವರ ಉತ್ತರ:

ತುಂಗಾತೀರ ಅವರೇ, ಧರ್ಮದ ಬಗೆಗಿನ ನಿಮ್ಮ ಪ್ರಶ್ನೆಗೆ ಉತ್ತರಿಸುವ ಪ್ರಯತ್ನ ಮಾಡುತ್ತೇನೆ. ನಮ್ಮದು ಉಡುಪಿಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದ ಕ್ರೈಸ್ತ ಕುಟುಂಬ. ನಾನು ಈಗ ನ್ಯಾಶ್‌ವಿಲ್‌ನಲ್ಲಿದ್ದೇನೆ, ನನ್ನ ಇಬ್ಬರು ಮಕ್ಕಳೂ ಇಂತಹ ತಂಡಗಳ ಜೊತೆ ಹೋಗಿ ಬಂದವರು.

ಸಂಜೆ ಊಟವಾದ ಮೇಲೆ ಎಲ್ಲರೂ ಸೇರಿ ಹಾಡು, ಪ್ರಾರ್ಥನೆ, ಆ ದಿನದ ಕೆಲಸದ ಬಗ್ಗೆ ಮಾತು, ಇಷ್ಟು ಇದ್ದೇ ಇರುತ್ತದೆ. ನಿಮ್ಮ ಮಗಳು ಅದರಲ್ಲಿ ಕುಳಿತುಕೊಳ್ಳಬೇಕಾಗಬಹುದು. ಪ್ರಾರ್ಥನೆ ಹೇಳು ಎಂದು ಅವಳನ್ನು ಯಾರೂ ಒತ್ತಾಯಿಸಬಾರದು, ಇದನ್ನು ಸಭಾಪಾಲಕರ ಬಳಿ ಮೊದಲೇ ನೇರವಾಗಿ ಹೇಳಿಬಿಡಿ. ಅವರು ಬೇಸರಿಸುವುದಿಲ್ಲ. ನಮ್ಮ ಮಕ್ಕಳ ತಂಡದಲ್ಲಿ ಯೆಹೂದಿ ಕುಟುಂಬದ ಹುಡುಗನೊಬ್ಬ ಇದ್ದ. ಅವನ ತಾಯಿ ಹೀಗೆಯೇ ಕೇಳಿದ್ದರು, ಯಾವ ತೊಂದರೆಯೂ ಆಗಲಿಲ್ಲ.

ಮನೆಯವರ ಮೇಲಿನ ಒತ್ತಡದ ವಿಷಯ ಇದಕ್ಕಿಂತ ಗಂಭೀರವಾದದ್ದು. ಪೂರ್ವ ಕೆಂಟಕಿಯಲ್ಲಿ ಹೆಚ್ಚಿನವರು ಹಿಂದಿನಿಂದಲೂ ಕ್ರೈಸ್ತರೇ, ಅಲ್ಲಿ ಊರೂರಿಗೂ ಬ್ಯಾಪ್ಟಿಸ್ಟ್, ಪೆಂಟೆಕೋಸ್ಟಲ್ ಸಭೆಗಳಿವೆ. ನಗರದಿಂದ ಹೋದ ಮಕ್ಕಳು ಅವರಿಗೆ ಹೊಸದಾಗಿ ದೇವರ ಮಾತು ಹೇಳಬೇಕಾದ ಅಗತ್ಯವೇ ಇಲ್ಲ. ಹಲವು ಮನೆಗಳಲ್ಲಿ ಮನೆಯವರೇ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳುಹಿಸುತ್ತಾರೆ. ಟೆಕ್ಸ್ ಇವಾನ್ಸ್ ಅವರು ಸ್ಥಾಪಿಸಿದ ಸಂಸ್ಥೆಯಲ್ಲಿ, ಜನರನ್ನು ಅವರು ಇರುವ ಜಾಗದಲ್ಲಿ ಇರುವ ಹಾಗೆಯೇ ಸ್ವೀಕರಿಸಬೇಕು ಎಂಬುದು ಮೊದಲಿನಿಂದ ನಡೆದುಬಂದ ರೀತಿ. ಕ್ರೈಸ್ತಳಾಗಿ ನನ್ನ ನಂಬಿಕೆಯನ್ನು ಹೇಳುವುದಾದರೆ, ಛಾವಣಿ ಹಾಕಿಸಿಕೊಂಡವರು ಅದಕ್ಕೆ ಬದಲಾಗಿ ಆರಾಧನೆಗೆ ಬರಬೇಕು ಎಂದು ಮನಸ್ಸಿನಲ್ಲಿಯಾದರೂ ನಿರೀಕ್ಷಿಸಿದರೆ ಅದು ಸೇವೆಯಲ್ಲ, ವ್ಯಾಪಾರ. ಮನೆಗಳನ್ನು ಆಯ್ಕೆ ಮಾಡುವಾಗ ಧರ್ಮವನ್ನೋ ಸಭೆಯ ಸದಸ್ಯತ್ವವನ್ನೋ ಕೇಳುತ್ತಾರೆಯೇ ಎಂದು ವಿಚಾರಿಸಿ. ಹೌದು ಎಂದರೆ ಕಳುಹಿಸಬೇಡಿ.

ಮಕ್ಕಳು ಕಲಿಯಬೇಕಾದ ಇನ್ನೊಂದು ವಿಷಯವಿದೆ, ಅದು ಕೊಟ್ಟದ್ದನ್ನು ತೆಗೆದುಕೊಳ್ಳುವುದು. ನನ್ನ ಮಗಳು ಹೋದ ಮನೆಯ ಯಜಮಾನಿ ಒಂದು ಮಧ್ಯಾಹ್ನ ದೊಡ್ಡ ಪಾತ್ರೆಯ ತುಂಬ ಹುರುಳಿಯ ಬಣ್ಣದ ಪಿಂಟೋ ಕಾಳಿನ ಸಾರು, ಜೊತೆಗೆ ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ ಮಾಡಿ ಜಗಲಿಗೆ ತಂದಿಟ್ಟರಂತೆ. ಇವರ ಬಳಿ ಬುತ್ತಿಯ ಸ್ಯಾಂಡ್‌ವಿಚ್ ಇತ್ತು. ಇಷ್ಟು ಕಷ್ಟದಲ್ಲಿರುವವರ ಊಟವನ್ನು ತಿನ್ನುವುದು ಹೇಗೆ ಎಂದು ಮಕ್ಕಳು ಹಿಂಜರಿದಾಗ ಜೊತೆಗಿದ್ದ ಹಿರಿಯರು ತಾವೇ ಮೊದಲು ತಟ್ಟೆ ಹಿಡಿದು ಹೋದರು. ಬೇಡವೆಂದಿದ್ದರೆ ಆ ತಾಯಿಗೆ ಎಷ್ಟು ನೋವಾಗುತ್ತಿತ್ತು ಎಂಬುದನ್ನು ನಮ್ಮ ಊರಿನ ಮನೆಗಳಲ್ಲಿ ಬೆಳೆದ ಯಾರಿಗೂ ವಿವರಿಸಬೇಕಾಗಿಲ್ಲ. ಮಾಂಸದ ವಿಷಯದಲ್ಲಿ ನಿಮ್ಮ ಮಗಳಿಗೆ ನಿಯಮವಿದ್ದರೆ ಮೊದಲೇ ತಿಳಿಸಿ. ಆ ಸಾರಿಗೆ ಹಂದಿಯ ಮಾಂಸದ ತುಂಡು ಹಾಕುವ ರೂಢಿ ಇದೆ.

ತುಂಗಾತೀರ ಅವರ ಮರುಪ್ರತಿಕ್ರಿಯೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು ಹೋಗಿ ಚರ್ಚಿನ ಯುವಜನರ ಮುಖ್ಯಸ್ಥರನ್ನು ಭೇಟಿಯಾದೆ. ಮನೆಗಳ ಆಯ್ಕೆ, ಸಾಮಗ್ರಿ, ಮೇಲ್ವಿಚಾರಣೆ ಎಲ್ಲವೂ ಅಲ್ಲಿಯೇ ವರ್ಷವಿಡೀ ಕೆಲಸ ಮಾಡುವ ಸಂಸ್ಥೆಯದು. ಆಯ್ಕೆಯಲ್ಲಿ ಧರ್ಮವನ್ನು ಕೇಳುವುದಿಲ್ಲ. ವಿದ್ಯುತ್ ಗರಗಸ ಹಿರಿಯರಿಗೆ ಮಾತ್ರ ಎಂದು ಲಿಖಿತ ನಿಯಮವಿದೆ. ಕೆಲಸದ ಜಾಗದಲ್ಲಿ ಮಕ್ಕಳ ಫೋನುಗಳನ್ನು ತೆಗೆದಿಟ್ಟುಕೊಳ್ಳುತ್ತಾರೆ, ಆದ್ದರಿಂದ ಚಿತ್ರಗಳ ಸಮಸ್ಯೆಯೂ ಇಲ್ಲ. ಛಾವಣಿಯ ವಿಷಯದಲ್ಲಿ ಮಾತ್ರ ಅವರ ಉತ್ತರ ಪಾಲಕರ ಒಪ್ಪಿಗೆ ಇದ್ದರೆ ಹತ್ತಬಹುದು ಎಂಬಂತಿತ್ತು. ನಾವು ಒಪ್ಪಿಗೆ ಇಲ್ಲವೆಂದು ಬರೆದುಕೊಟ್ಟಿದ್ದೇವೆ, ಅವರು ಗೌರವದಿಂದಲೇ ಸ್ವೀಕರಿಸಿದರು. ಯಜಮಾನರೂ ಒಪ್ಪಿದ್ದಾರೆ. ಶುಲ್ಕದಷ್ಟೇ ಮೊತ್ತವನ್ನು ಅಲ್ಲಿಯ ಒಂದು ವಸತಿ ಸಂಸ್ಥೆಗೂ ಕಳುಹಿಸೋಣ ಎಂದು ಅವರೇ ಹೇಳಿದರು. ಹೋಗುವ ಮೊದಲು ಮಗಳಿಗೆ ಏನೇನು ಸಿದ್ಧತೆ ಮಾಡಿಸಬೇಕು ಎಂದು ಲೆಕ್ಸಿಂಗ್ಟನ್‌ನವರು ತಿಳಿಸಿದರೆ ಉಪಕಾರವಾಗುತ್ತದೆ.

ಲೆಕ್ಸಿಂಗ್ಟನ್ ನಿವಾಸಿ ಅವರ ಉತ್ತರ:

ಸಂತೋಷವಾಯಿತು. ಧನುರ್ವಾಯು ಚುಚ್ಚುಮದ್ದಿನ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ತುಕ್ಕು ಹಿಡಿದ ಮೊಳೆಗಳು ಅಲ್ಲಿ ಹೆಜ್ಜೆ ಹೆಜ್ಜೆಗೂ ಕಾಲಿಗೆ ಸಿಗುತ್ತವೆ. ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿಗೆ ನೀಡುವ ಪತ್ರಕ್ಕೆ ಸಹಿ ಹಾಕಿ, ವಿಮೆಯ ಕಾರ್ಡಿನ ಪ್ರತಿಯನ್ನು ತಂಡದ ಹಿರಿಯರ ಕೈಗೆ ಕೊಡಿ. ಹತ್ತಿರದ ಆಸ್ಪತ್ರೆ ಒಂದು ಗಂಟೆಯ ದಾರಿಯಾಗಿರಬಹುದು, ಕಣಿವೆಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದೂ ಕಷ್ಟ. ಗಟ್ಟಿ ಅಡಿಯ, ಕಾಲಿನ ಹರಡಿಗಿಂತ ಮೇಲೆ ಬರುವ ಬೂಟು ಕೊಡಿಸಿ. ಹೊಸದಾದರೆ ಹೋಗುವ ಮೊದಲೇ ಕೆಲವು ದಿನ ಹಾಕಿಕೊಂಡು ಓಡಾಡಲಿ. ಟ್ರೇಲರ್ ಮನೆಯ ಅಡಿಯಲ್ಲಿ ತೆವಳಿಕೊಂಡು ಇನ್ಸುಲೇಷನ್ ಕೂರಿಸುವ ಕೆಲಸ ಬಂದರೆ ಉದ್ದ ತೋಳಿನ ಅಂಗಿ, ಕನ್ನಡಕ, ಮುಖಗವಸು ಬೇಕೇ ಬೇಕು. ಗಾಜಿನ ನೂಲಿನ ತುರಿಕೆ ಎರಡು ದಿನ ಬಿಡುವುದಿಲ್ಲ. ಅಡಿಗೆ ಇಳಿಯುವ ಮೊದಲು ಹಿರಿಯರೊಬ್ಬರು ಟಾರ್ಚು ಹಾಕಿ ಕಣಜದ ಗೂಡು, ಹಾವು ಇಲ್ಲವೆಂದು ನೋಡುವುದು ವಾಡಿಕೆ, ಅವಸರದಲ್ಲಿ ಅದನ್ನು ಬಿಡಬಾರದೆಂದು ಮಗಳಿಗೂ ಹೇಳಿಡಿ. ಮೂರು ಎಲೆಯ ವಿಷಬಳ್ಳಿಯ (ಪಾಯ್ಸನ್ ಐವಿ) ಚಿತ್ರವನ್ನು ಮೊದಲೇ ತೋರಿಸಿ, ಅದು ತಾಗಿದರೆ ಮೈಯೆಲ್ಲ ಗುಳ್ಳೆ ಏಳುತ್ತದೆ.

ಇನ್ನೊಂದು ಕೋರಿಕೆ. ಮಗಳು ಬಂದ ಮೇಲೆ, ಬೇಸಿಗೆಯ ಕೊನೆಗೆ ಆ ಮನೆಯ ಕೆಲಸ ಪೂರ್ತಿಯಾಯಿತೇ ಎಂದು ಸಂಸ್ಥೆಯವರನ್ನು ಕೇಳಿ ಇಲ್ಲಿ ಬರೆಯಿರಿ. ಮುಂದಿನ ವರ್ಷ ಇದೇ ಪ್ರಶ್ನೆ ಹೊತ್ತು ಬರುವ ಪಾಲಕರಿಗೆ ನಮ್ಮೆಲ್ಲರ ಅಭಿಪ್ರಾಯಗಳಿಗಿಂತ ಆ ಉತ್ತರ ಹೆಚ್ಚು ಉಪಯೋಗಕ್ಕೆ ಬರುತ್ತದೆ.